ಎರಡು ಸ್ಟ್ರೋಕ್ ಮೋಟಾರ್‌ಸೈಕಲ್‌ಗಳಲ್ಲಿ ಬದಲಿ ಸೈಲೆನ್ಸರ್ ಮತ್ತು ಜೆಟ್ಟಿಂಗ್

'''ಜೆಟ್ಟಿಂಗ್''' ಎಂದರೆ ಕಾರ್ಬ್ಯುರೇಟರ್‌ನಲ್ಲಿರುವ ಜೆಟ್‌ಗಳ ಅಳತೆ, ಸೂಜಿಯ ಮಟ್ಟ ಹಾಗೂ ಗಾಳಿ ತಿರುಪನ್ನು ಬದಲಿಸಿ, ಎಂಜಿನ್ನಿಗೆ ಹೋಗುವ ಗಾಳಿ ಮತ್ತು ಪೆಟ್ರೋಲ್ ಮಿಶ್ರಣವನ್ನು ಹದಗೊಳಿಸುವ ಕ್ರಿಯೆ. ಕಂಪನಿಯಿಂದ ಬಂದ ಸೈಲೆನ್ಸರನ್ನು ತೆಗೆದು ಬೇರೆ ತಯಾರಿಕೆಯ ಕೊಳವೆಯನ್ನು ಅಳವಡಿಸಿದಾಗ ಈ ಹದ ತಪ್ಪುತ್ತದೆ. ಎರಡು ಸ್ಟ್ರೋಕ್ ಎಂಜಿನ್‌ಗಳಲ್ಲಿ ಸೈಲೆನ್ಸರ್ ಶಬ್ದವನ್ನು ತಗ್ಗಿಸುವುದರ ಜೊತೆಗೆ ಸಿಲಿಂಡರಿನೊಳಗೆ ಎಷ್ಟು ಮಿಶ್ರಣ ಉಳಿಯಬೇಕೆಂಬುದನ್ನೂ ನಿರ್ಧರಿಸುತ್ತದೆ. ಆದ್ದರಿಂದ ಸೈಲೆನ್ಸರ್ ಮತ್ತು ಕಾರ್ಬ್ಯುರೇಟರ್‌ಗಳನ್ನು ಒಂದೇ ವ್ಯವಸ್ಥೆಯ ಎರಡು ಭಾಗಗಳೆಂದು ಪರಿಗಣಿಸಲಾಗುತ್ತದೆ. ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೆಯೇ ಬಿಟ್ಟರೆ ಮೈಲೇಜ್ ಕುಸಿಯಬಹುದು ಅಥವಾ ಪಿಸ್ಟನ್ ಸುಟ್ಟು ಎಂಜಿನ್ ಹಿಡಿದುಕೊಳ್ಳಬಹುದು.

ಭಾರತದಲ್ಲಿ ಈ ವಿಷಯವು ಮುಖ್ಯವಾಗಿ ಜಾವಾ, ಯೆಜ್ಡಿ, ರಾಜ್‌ದೂತ್ 350, ಯಮಹಾ ಆರ್‌ಎಕ್ಸ್ 100 ಮತ್ತು ಸುಜುಕಿ ಶೋಗನ್‌ನಂತಹ ಹಳೆಯ ಮೋಟಾರ್‌ಸೈಕಲ್‌ಗಳಿಗೆ ಸಂಬಂಧಿಸಿದೆ. ಕರಾವಳಿಯಿಂದ ಘಟ್ಟದವರೆಗೆ ಹಬ್ಬಿರುವ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಲ್ಲಿ ಎತ್ತರ, ಸೆಕೆ ಮತ್ತು ತೇವಾಂಶ ಮೂರೂ ಮಿಶ್ರಣದ ಮೇಲೆ ಪ್ರಭಾವ ಬೀರುತ್ತವೆ.

## ಹಿನ್ನೆಲೆ

ಎರಡು ಸ್ಟ್ರೋಕ್ ಎಂಜಿನ್ನಿನ ಶ್ರುತಿಗೊಳಿಸಿದ ನಿಷ್ಕಾಸ ಕೊಳವೆಯನ್ನು ವಿಸ್ತರಣಾ ಕೋಷ್ಠ ಎನ್ನುತ್ತಾರೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ ಇದನ್ನು ರೇಸ್ ಬೈಕುಗಳಲ್ಲಿ ಪಕ್ವಗೊಳಿಸಿದರು. 1961ರಲ್ಲಿ ಎಂಜೆಡ್ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಲಾಯನ ಮಾಡಿ ಜಪಾನಿನ ಸುಜುಕಿ ಕಂಪನಿಯನ್ನು ಸೇರಿದರು. ಮರುವರ್ಷವೇ ಅವರು ಸುಜುಕಿಗೆ 50 ಸಿಸಿ ವಿಭಾಗದ ವಿಶ್ವ ಪ್ರಶಸ್ತಿಯನ್ನು ಗೆದ್ದುಕೊಟ್ಟರು. ಆ ಬಳಿಕ ಈ ತಂತ್ರಜ್ಞಾನ ಜಪಾನಿನ ಎಲ್ಲ ಎರಡು ಸ್ಟ್ರೋಕ್ ಬೈಕುಗಳಿಗೂ ಹರಡಿತು.

ಕರ್ನಾಟಕದಲ್ಲಿ ಎರಡು ಸ್ಟ್ರೋಕ್ ಮೋಟಾರ್‌ಸೈಕಲ್‌ಗಳ ಇತಿಹಾಸ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯೊಂದಿಗೆ ಬೆಸೆದುಕೊಂಡಿದೆ. 1960ರ ದಶಕದ ಆರಂಭದಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಡಿ ಇಲ್ಲಿ ಉತ್ಪಾದನೆ ಆರಂಭವಾಯಿತು. 1970ರ ದಶಕದಲ್ಲಿ ಬೈಕುಗಳು ಯೆಜ್ಡಿ ಎಂಬ ಹೆಸರನ್ನು ಪಡೆದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈ ಬೈಕುಗಳ 250 ಸಿಸಿ ಎಂಜಿನ್ನಿನಲ್ಲಿ ಸಿಲಿಂಡರ್ ಒಂದೇ ಇದ್ದರೂ ನಿಷ್ಕಾಸ ಕೊಳವೆಗಳು ಎರಡು.

1983ರಲ್ಲಿ ಎಸ್ಕಾರ್ಟ್ಸ್ ಕಂಪನಿಯು ಯಮಹಾದ ಆರ್‌ಡಿ 350 ಬೈಕನ್ನು ರಾಜ್‌ದೂತ್ 350 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 347 ಸಿಸಿಯ ಈ ಅವಳಿ ಸಿಲಿಂಡರ್ ಬೈಕಿನ ಮೂಲ ಜಪಾನೀ ಮಾದರಿ ಸುಮಾರು 39 ಅಶ್ವಶಕ್ತಿ ನೀಡುತ್ತಿತ್ತು. ಭಾರತದಲ್ಲಿ ಪೆಟ್ರೋಲ್ ಉಳಿತಾಯಕ್ಕಾಗಿ ಅದನ್ನು 30.5 ಅಶ್ವಶಕ್ತಿಗೆ, ಬಳಿಕ ಬಂದ 'ಲೋ ಟಾರ್ಕ್' ಮಾದರಿಯಲ್ಲಿ 27 ಅಶ್ವಶಕ್ತಿಗೆ ಇಳಿಸಲಾಯಿತು. ಅಷ್ಟಾದರೂ ದುಬಾರಿ ಬೆಲೆ ಮತ್ತು ಕಡಿಮೆ ಮೈಲೇಜ್ ಅದರ ಮಾರಾಟಕ್ಕೆ ಅಡ್ಡಿಯಾದವು.

1985ರಲ್ಲಿ ಬಂದ 98 ಸಿಸಿಯ ಯಮಹಾ ಆರ್‌ಎಕ್ಸ್ 100, ಹಗುರವಾದ ಮೈಕಟ್ಟು ಮತ್ತು 11 ಅಶ್ವಶಕ್ತಿಯ ಎಂಜಿನ್ನಿನಿಂದ ಅಪಾರ ಜನಪ್ರಿಯತೆ ಗಳಿಸಿತು. 1996ರವರೆಗೆ ತಯಾರಾದ ಈ ಬೈಕು ಇಂದಿಗೂ ಬದಲಿ ಸೈಲೆನ್ಸರ್ ಮತ್ತು ಜೆಟ್ಟಿಂಗ್ ಪ್ರಯೋಗಗಳಿಗೆ ಹೆಚ್ಚಾಗಿ ಒಳಗಾಗುವ ಬೈಕುಗಳಲ್ಲಿ ಒಂದು.

## ವಿಸ್ತರಣಾ ಕೋಷ್ಠದ ಕಾರ್ಯವಿಧಾನ

ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಹೊರಹೋಗಲು ಮತ್ತು ಹೊಸ ಮಿಶ್ರಣ ಒಳಬರಲು ಪ್ರತ್ಯೇಕ ಕವಾಟಗಳೂ ಪ್ರತ್ಯೇಕ ಹೊಡೆತಗಳೂ ಇರುತ್ತವೆ. ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಈ ಎರಡೂ ಕೆಲಸಗಳು ಪಿಸ್ಟನ್ ಕೆಳಗಿರುವಾಗ ಬಹುತೇಕ ಏಕಕಾಲದಲ್ಲಿ ನಡೆಯುತ್ತವೆ. ಹಾಗಾಗಿ ಹೊಸ ಮಿಶ್ರಣದ ಒಂದು ಭಾಗ ಸುಡದೆಯೇ ನಿಷ್ಕಾಸ ರಂಧ್ರದ ಮೂಲಕ ಹೊರಗೆ ಸೋರಿಹೋಗುತ್ತದೆ. ಕಾರ್ಬ್ಯುರೇಟರ್ ಹೊಂದಿದ ಎರಡು ಸ್ಟ್ರೋಕ್ ಬೈಕುಗಳ ಮೈಲೇಜ್ ಕಡಿಮೆಯಾಗಿರುವುದಕ್ಕೂ ಅವುಗಳ ಹೊಗೆಯಲ್ಲಿ ಪೆಟ್ರೋಲ್ ವಾಸನೆ ಇರುವುದಕ್ಕೂ ಇದೇ ಮುಖ್ಯ ಕಾರಣ.

ವಿಸ್ತರಣಾ ಕೋಷ್ಠವು ಈ ಸೋರಿಕೆಯನ್ನು ಒತ್ತಡದ ಅಲೆಗಳ ಮೂಲಕ ತಡೆಯುತ್ತದೆ. ಅದರ ಭಾಗಗಳು ಹೀಗಿವೆ:

* '''ಮುಂಗೊಳವೆ''' – ಸಿಲಿಂಡರಿಗೆ ಜೋಡಣೆಯಾಗುವ ಭಾಗ.
* '''ಅಗಲುವ ಶಂಕು''' – ಇಲ್ಲಿ ಕೊಳವೆ ಕ್ರಮೇಣ ಅಗಲವಾಗುತ್ತದೆ. ಹೊರಟ ಒತ್ತಡದ ಅಲೆ ಇಲ್ಲಿಗೆ ಬಂದಾಗ ಹೀರುವ ಅಲೆಯೊಂದು ಹಿಂದಿರುಗಿ, ಸಿಲಿಂಡರಿನ ಹೊಗೆಯನ್ನು ಹೊರಗೆಳೆಯುತ್ತದೆ. ಕ್ರಾಂಕ್‌ಕೇಸಿನಿಂದ ಹೊಸ ಮಿಶ್ರಣವನ್ನೂ ಮೇಲಕ್ಕೆ ಸೆಳೆಯುತ್ತದೆ.
* '''ಹೊಟ್ಟೆ''' – ಅತ್ಯಂತ ಅಗಲವಾದ ನಡುಭಾಗ.
* '''ಕಿರಿದಾಗುವ ಶಂಕು''' – ಇಲ್ಲಿಂದ ಒತ್ತಡದ ಅಲೆ ಹಿಂದಿರುಗಿ, ಹೊರಗೆ ಸೋರಿದ ಹೊಸ ಮಿಶ್ರಣವನ್ನು ಪಿಸ್ಟನ್ ರಂಧ್ರವನ್ನು ಮುಚ್ಚುವ ಮುನ್ನ ಸಿಲಿಂಡರಿನೊಳಕ್ಕೆ ಮರಳಿ ತಳ್ಳುತ್ತದೆ.
* '''ಬಾಲಗೊಳವೆ''' – ಹೊಗೆ ಹೊರಹೋಗುವ ಸಣ್ಣ ನಳಿಕೆ. ಇದರ ವ್ಯಾಸವು ಕೋಷ್ಠದೊಳಗಿನ ಒತ್ತಡವನ್ನು ನಿರ್ಧರಿಸುತ್ತದೆ. ಶಬ್ದ ತಗ್ಗಿಸುವ ಭಾಗ ಇದರ ಬಳಿಕ ಬರುತ್ತದೆ.

ಅಲೆ ಹಿಂದಿರುಗಲು ಬೇಕಾದ ಸಮಯ ಕೊಳವೆಯ ಉದ್ದವನ್ನು ಅವಲಂಬಿಸಿದೆ. ನಿಷ್ಕಾಸ ರಂಧ್ರ ತೆರೆದಿರುವ ಕೋನವನ್ನು ಬಿಸಿ ಹೊಗೆಯಲ್ಲಿ ಅಲೆಯ ವೇಗದಿಂದ ಗುಣಿಸಿ, ಎಂಜಿನ್ನಿನ ನಿಮಿಷವಾರು ಸುತ್ತುಗಳ 12 ಪಟ್ಟಿನಿಂದ ಭಾಗಿಸಿದರೆ ಶ್ರುತಿ ಉದ್ದದ ಅಂದಾಜು ಸಿಗುತ್ತದೆ. ರಂಧ್ರ 170 ಡಿಗ್ರಿ ತೆರೆದಿರುತ್ತದೆ ಮತ್ತು ಅಲೆಯ ವೇಗ ಸೆಕೆಂಡಿಗೆ 500 ಮೀಟರ್ ಎಂದು ಭಾವಿಸಿದರೆ, 7,500 ಸುತ್ತುಗಳಿಗೆ ಬೇಕಾದ ಉದ್ದ ಸುಮಾರು 94 ಸೆಂಟಿಮೀಟರ್. 5,000 ಸುತ್ತುಗಳಿಗೆ ಸುಮಾರು 142 ಸೆಂಟಿಮೀಟರ್. ಒಂದೇ ಕೊಳವೆ ಎಲ್ಲ ವೇಗಗಳಿಗೂ ಹೊಂದುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಗಿಡ್ಡ ಕೊಳವೆ ಹೆಚ್ಚು ಸುತ್ತಿನಲ್ಲಿ ಮಾತ್ರ ನೆರವಾಗುತ್ತದೆ. ಕಡಿಮೆ ಸುತ್ತಿನಲ್ಲಿ ಅಲೆ ಅಕಾಲದಲ್ಲಿ ಹಿಂದಿರುಗುವುದರಿಂದ ಸೋರಿಕೆ ಮೊದಲಿಗಿಂತ ಹೆಚ್ಚಾಗಬಹುದು.

## ಕಾರ್ಬ್ಯುರೇಟರ್‌ನ ಭಾಗಗಳು

ಸೂಜಿ ಮತ್ತು ಜಾರುಕವಾಟವುಳ್ಳ ಕಾರ್ಬ್ಯುರೇಟರ್‌ಗಳಲ್ಲಿ ಆಕ್ಸಿಲರೇಟರ್ ಎಷ್ಟು ತೆರೆದಿದೆ ಎಂಬುದರ ಮೇಲೆ ಬೇರೆ ಬೇರೆ ಭಾಗಗಳು ಪೆಟ್ರೋಲ್ ಹರಿವನ್ನು ನಿಯಂತ್ರಿಸುತ್ತವೆ.

* '''ಪೈಲಟ್ ಜೆಟ್ ಮತ್ತು ಗಾಳಿ ತಿರುಪು''' – ಐಡ್ಲಿಂಗ್‌ನಿಂದ ಸುಮಾರು ಕಾಲು ಭಾಗದವರೆಗೆ.
* '''ಜಾರುಕವಾಟದ ಕಚ್ಚು''' – ಸುಮಾರು ಎಂಟನೇ ಒಂದು ಭಾಗದಿಂದ ಕಾಲು ಭಾಗದ ಆಚೀಚೆಗೆ.
* '''ಸೂಜಿ ಮತ್ತು ಸೂಜಿ ಜೆಟ್''' – ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ. ಸೂಜಿಯ ತಲೆಯ ಗೀರುಗಳಲ್ಲಿ ಕೂರುವ ಕ್ಲಿಪ್ಪನ್ನು ಕೆಳಗಿಳಿಸಿದರೆ ಸೂಜಿ ಮೇಲೇರಿ ಮಿಶ್ರಣ ಗಾಢವಾಗುತ್ತದೆ.
* '''ಮೇನ್ ಜೆಟ್''' – ಮುಕ್ಕಾಲು ಭಾಗದಿಂದ ಪೂರ್ತಿ ತೆರೆಯುವವರೆಗೆ.

ಜೆಟ್ಟಿನ ಮೇಲಿನ ಸಂಖ್ಯೆಯ ಅರ್ಥ ಎಲ್ಲ ತಯಾರಿಕೆಗಳಲ್ಲೂ ಒಂದೇ ಅಲ್ಲ. ಕೆಲವು ಕಂಪನಿಗಳಲ್ಲಿ ಅದು ರಂಧ್ರದ ವ್ಯಾಸವನ್ನು ಸೂಚಿಸಿದರೆ, ಮಿಕುನಿಯ ಷಟ್ಕೋನ ಜೆಟ್‌ಗಳಲ್ಲಿ ಹರಿವಿನ ಪ್ರಮಾಣವನ್ನು ಸೂಚಿಸುತ್ತದೆ. ಆದ್ದರಿಂದ ಒಂದು ತಯಾರಿಕೆಯ 95 ಸಂಖ್ಯೆಯ ಜೆಟ್ ಇನ್ನೊಂದರ 95ಕ್ಕೆ ಸಮವಲ್ಲ. ವ್ಯಾಸದ ಸಂಖ್ಯೆಯುಳ್ಳ ಜೆಟ್ಟನ್ನು 0.95 ಮಿಲಿಮೀಟರಿನಿಂದ 1.00 ಮಿಲಿಮೀಟರಿಗೆ ಏರಿಸಿದರೆ ವ್ಯಾಸ ಶೇ. 5ರಷ್ಟು ಹೆಚ್ಚಿದಂತೆ ಕಂಡರೂ ರಂಧ್ರದ ವಿಸ್ತೀರ್ಣ ಸುಮಾರು ಶೇ. 11ರಷ್ಟು ಹೆಚ್ಚುತ್ತದೆ. ತಂತಿ ಅಥವಾ ಗುಂಡುಸೂಜಿಯಿಂದ ಜೆಟ್ಟಿನ ರಂಧ್ರವನ್ನು ದೊಡ್ಡದು ಮಾಡುವ ರೂಢಿ ಹಾನಿಕರವೆನಿಸುವುದು ಈ ಕಾರಣದಿಂದಲೇ.

## ಗಾಢ ಮಿಶ್ರಣ ಮತ್ತು ತೆಳು ಮಿಶ್ರಣ

ಶುದ್ಧ ಪೆಟ್ರೋಲ್ ಪೂರ್ತಿಯಾಗಿ ಸುಡಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗರಿಷ್ಠ ಶಕ್ತಿಗೆ 12.5ರಿಂದ 13 ಪಾಲು ಗಾಳಿಯ ಗಾಢ ಮಿಶ್ರಣವೂ, ಮಿತವ್ಯಯಕ್ಕೆ 15ರಿಂದ 16 ಪಾಲಿನ ತೆಳು ಮಿಶ್ರಣವೂ ಸೂಕ್ತ. ಮೆಕ್ಯಾನಿಕ್‌ಗಳು ಇವನ್ನು ಕ್ರಮವಾಗಿ 'ರಿಚ್' ಮತ್ತು 'ಲೀನ್' ಎನ್ನುತ್ತಾರೆ.

ಕಂಪನಿಯ ಮೇನ್ ಜೆಟ್ ಕಂಪನಿಯ ಸೈಲೆನ್ಸರಿಗೆ ಹೊಂದಿಸಿದ್ದಾಗಿರುತ್ತದೆ. ಹೊಸ ಕೊಳವೆ ತನ್ನ ಶ್ರುತಿಯ ವೇಗದಲ್ಲಿ ಹೆಚ್ಚು ಗಾಳಿಯನ್ನು ಸೆಳೆದಾಗ ಹಳೆಯ ಜೆಟ್ ಸಾಕಷ್ಟು ಪೆಟ್ರೋಲ್ ಒದಗಿಸದೆ ಮಿಶ್ರಣ ತೆಳುವಾಗಬಹುದು. ತೆಳು ಮಿಶ್ರಣದಲ್ಲಿ ಪಿಸ್ಟನ್ ವಿಪರೀತ ಬಿಸಿಯಾಗಿ ಹಿಗ್ಗುತ್ತದೆ, ಸಿಲಿಂಡರಿನ ಗೋಡೆಗೆ ಕಚ್ಚಿ ಎಂಜಿನ್ ಹಿಡಿದುಕೊಳ್ಳುತ್ತದೆ. ಓಡುತ್ತಿರುವ ಬೈಕಿನ ಹಿಂದಿನ ಚಕ್ರ ಹಠಾತ್ತನೆ ಬಿಗಿಯಾಗಿ ಸವಾರ ಬೀಳುವ ಅಪಾಯವಿದೆ. ಮೊದಲೇ ರೀಬೋರ್ ಆಗಿರುವ ಹಳೆಯ ಸಿಲಿಂಡರ್ ಇನ್ನೊಂದು ರೀಬೋರ್ ತಡೆಯಲಾರದು. ತಯಾರಿಕೆ ನಿಂತುಹೋದ ಬೈಕುಗಳಿಗೆ ಅಸಲಿ ಬಿಡಿಭಾಗಗಳು ಸುಲಭವಾಗಿ ಸಿಗದಿರುವುದರಿಂದ ಇಂತಹ ಒಂದು ತಪ್ಪು ಬೈಕಿನ ಆಯುಷ್ಯವನ್ನೇ ಮುಗಿಸಬಹುದು.

ಗಾಢ ಮಿಶ್ರಣದಿಂದ ಇಷ್ಟು ದೊಡ್ಡ ಅಪಾಯವಿಲ್ಲ. ಆದರೆ ಪ್ಲಗ್ ಕಪ್ಪಾಗುವುದು, ಎಳೆತ ಕುಗ್ಗುವುದು, ಸೈಲೆನ್ಸರಿನಲ್ಲಿ ಮಸಿ ಕಟ್ಟುವುದು ಮತ್ತು ಪೆಟ್ರೋಲ್ ವ್ಯರ್ಥವಾಗುವುದು ಇದರ ಪರಿಣಾಮಗಳು.

ಸೈಲೆನ್ಸರಿನ ಒಳಗಿನ ತೂತಿನ ನಳಿಕೆಯನ್ನು ಮಾತ್ರ ಕಿತ್ತುಹಾಕುವುದು ಅಗ್ಗದ ಬದಲಾವಣೆ. ಶಬ್ದ ಹೆಚ್ಚಾಗುವುದರಿಂದ ಶಕ್ತಿ ಹೆಚ್ಚಿದಂತೆ ಸವಾರನಿಗೆ ಭಾಸವಾಗುತ್ತದೆ. ವಾಸ್ತವವಾಗಿ ಹಿಮ್ಮುಖ ಒತ್ತಡ ಮತ್ತು ಅಲೆಗಳ ಲೆಕ್ಕ ಎರಡೂ ಕೆಟ್ಟು, ಹೆಚ್ಚಿನ ಸಂದರ್ಭಗಳಲ್ಲಿ ಎಳೆತವೂ ಮೈಲೇಜೂ ಕುಗ್ಗುತ್ತವೆ. ಶಂಕುಗಳೇ ಇಲ್ಲದ ನೇರ ಕೊಳವೆಯ ವಿಷಯದಲ್ಲೂ ಇದೇ ಮಾತು ಅನ್ವಯಿಸುತ್ತದೆ.

## ಮೈಲೇಜಿನ ಮೇಲೆ ಪರಿಣಾಮ

ಬದಲಿ ಸೈಲೆನ್ಸರ್ ಮೈಲೇಜನ್ನು ಯಾವಾಗಲೂ ಇಳಿಸುತ್ತದೆ ಅಥವಾ ಏರಿಸುತ್ತದೆ ಎಂದು ಸಾರ್ವತ್ರಿಕವಾಗಿ ಹೇಳಲಾಗದು. ಬೈಕು ಹೆಚ್ಚಿನ ಹೊತ್ತು ಯಾವ ವೇಗದಲ್ಲಿ ಓಡುತ್ತದೆ ಎಂಬುದು ಇಲ್ಲಿ ನಿರ್ಣಾಯಕ. ಕೊಳವೆಯ ಶ್ರುತಿಯ ವೇಗದಲ್ಲೇ ಓಡಿಸಿದರೆ ಸೋರಿಕೆ ತಗ್ಗಿ ಪ್ರತಿ ಹನಿಯಿಂದಲೂ ಹೆಚ್ಚು ಕೆಲಸ ಸಿಗುತ್ತದೆ. ಪೇಟೆಯ ದಟ್ಟಣೆಯಲ್ಲಿ ಕಡಿಮೆ ಸುತ್ತಿನಲ್ಲಿ ಓಡಿಸಿದರೆ ಅದೇ ಕೊಳವೆ ಪೆಟ್ರೋಲನ್ನು ಹೊರಗೆ ಚೆಲ್ಲುತ್ತದೆ. ಬಿ.ಸಿ. ರೋಡಿನಂತಹ ಜಂಕ್ಷನ್‌ಗಳಲ್ಲಿ ನಿಂತು ಹೊರಡುವ ಸವಾರಿಗೂ ಮೂಡುಬಿದಿರೆಯಿಂದ ಕಾರ್ಕಳದತ್ತ ಸಾಗುವ ಹೆದ್ದಾರಿಯ ಓಟಕ್ಕೂ ಒಂದೇ ಕೊಳವೆ ಒಂದೇ ಫಲ ನೀಡುವುದಿಲ್ಲ.

ಮೈಲೇಜ್ ಬಿದ್ದ ಕೂಡಲೇ ಮೇನ್ ಜೆಟ್ಟನ್ನು ಸಣ್ಣದು ಮಾಡುವುದು ಸಾಮಾನ್ಯ ತಪ್ಪು. ದಿನನಿತ್ಯದ ಸವಾರಿಯಲ್ಲಿ ಆಕ್ಸಿಲರೇಟರ್ ಹೆಚ್ಚಾಗಿ ಅರ್ಧಕ್ಕಿಂತ ಕಡಿಮೆ ತೆರೆದಿರುತ್ತದೆ. ಆ ಹಂತದಲ್ಲಿ ಪೆಟ್ರೋಲನ್ನು ಅಳೆಯುವುದು ಮುಖ್ಯವಾಗಿ ಪೈಲಟ್ ಜೆಟ್ ಮತ್ತು ಸೂಜಿ. ಹೀಗಾಗಿ ಮೇನ್ ಜೆಟ್ಟನ್ನು ಕಿರಿದುಗೊಳಿಸಿದರೆ ಉಳಿತಾಯ ಅತ್ಯಲ್ಪ. ಪೂರ್ತಿ ವೇಗದಲ್ಲಿ ಎಂಜಿನ್ನಿಗೆ ರಕ್ಷಣೆ ನೀಡುವ ಪೆಟ್ರೋಲ್ ಮಾತ್ರ ಕಡಿತವಾಗುತ್ತದೆ. ಮೈಲೇಜಿಗಾಗಿ ಸರಿಪಡಿಸಬೇಕಾದುದು ಸೂಜಿಯ ಕ್ಲಿಪ್ ಮತ್ತು ಗಾಳಿ ತಿರುಪು. ಮೇನ್ ಜೆಟ್ಟನ್ನು ಎಂಜಿನ್ನಿನ ಸುರಕ್ಷತೆಯ ದೃಷ್ಟಿಯಿಂದ ಆರಿಸಬೇಕು.

ಮೈಲೇಜ್ ಅಳೆಯಲು ಟ್ಯಾಂಕನ್ನು ಒಂದೇ ಮಟ್ಟಕ್ಕೆ ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ಅದೇ ಮಟ್ಟಕ್ಕೆ ತುಂಬಿಸುವ ವಿಧಾನ ಪ್ರಚಲಿತವಾಗಿದೆ. ಒಂದು ಲೀಟರ್ ಮಾತ್ರ ಖರ್ಚಾದಾಗ ಅಳೆದರೆ, ಮಟ್ಟದಲ್ಲಿ 200 ಮಿಲಿಲೀಟರ್ ವ್ಯತ್ಯಾಸವಾದರೂ ಫಲಿತಾಂಶದಲ್ಲಿ ಸುಮಾರು ಶೇ. 20ರಷ್ಟು ದೋಷ ಉಂಟಾಗುತ್ತದೆ. ಐದು ಲೀಟರ್ ಖರ್ಚಾದ ಬಳಿಕ ಅಳೆದರೆ ಅದೇ ವ್ಯತ್ಯಾಸ ಶೇ. 4ಕ್ಕೆ ಇಳಿಯುತ್ತದೆ.

## ಹವಾಮಾನ ಮತ್ತು ಎತ್ತರ

ಕಾರ್ಬ್ಯುರೇಟರ್ ಗಾಳಿಯನ್ನು ತೂಗುವುದಿಲ್ಲ. ಗಾಳಿ ವಿರಳವಾದಾಗ ಪೆಟ್ರೋಲಿನ ಹರಿವೂ ಇಳಿಯುತ್ತದೆ, ಆದರೆ ಬೇಕಾದುದರ ಸುಮಾರು ಅರ್ಧದಷ್ಟು ಮಾತ್ರ. ಸಮುದ್ರಮಟ್ಟದಿಂದ 1,000 ಮೀಟರ್ ಮೇಲಕ್ಕೆ ಹೋದಾಗ ಗಾಳಿಯ ಸಾಂದ್ರತೆ ಸುಮಾರು ಶೇ. 9ರಷ್ಟು ಕುಸಿಯುತ್ತದೆ. ಅಲ್ಲಿ ಮಿಶ್ರಣ ಸುಮಾರು ಶೇ. 5ರಷ್ಟು ಗಾಢವಾಗುತ್ತದೆ.

ನೇತ್ರಾವತಿ ದಂಡೆಯ ಬಂಟ್ವಾಳ ತಗ್ಗು ಪ್ರದೇಶ. ಬಿ.ಸಿ. ರೋಡಿನಿಂದ ಬೆಳ್ತಂಗಡಿ ಮತ್ತು ಉಜಿರೆಯ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 73 ಚಾರ್ಮಾಡಿ ಘಾಟಿಯನ್ನು ಏರಿ ಮೂಡಿಗೆರೆ ತಾಲೂಕಿನ ಕೊಟ್ಟಿಗೆಹಾರವನ್ನು ಸೇರುತ್ತದೆ. ಮೇಲಿನ ಮೂಡಿಗೆರೆ ಸೀಮೆಯ ಎತ್ತರ ಸುಮಾರು 900 ಮೀಟರ್. ಬಂಟ್ವಾಳದಲ್ಲಿ ಹದಗೊಳಿಸಿದ ಬೈಕು ಘಾಟಿಯ ಮೇಲೆ ತುಸು ಗಾಢವಾಗಿ ಓಡುತ್ತದೆ. ಎಳೆತ ಕೊಂಚ ಕುಗ್ಗಿದರೂ ಎಂಜಿನ್ನಿಗೆ ಹಾನಿಯಿಲ್ಲ. ಇದಕ್ಕೆ ವಿರುದ್ಧವಾಗಿ, ಚಿಕ್ಕಮಗಳೂರು ಅಥವಾ ಮೂಡಿಗೆರೆಯಲ್ಲಿ ಬಿಗಿಯಾಗಿ ತೆಳುಗೊಳಿಸಿದ ಬೈಕು ಕರಾವಳಿಗೆ ಇಳಿದಾಗ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಚ್ಚಿರುವುದರಿಂದ ದೋಷ ಗೊತ್ತಾಗುವುದಿಲ್ಲ. ಕೆಳಗಿನ ನೇರ ರಸ್ತೆಯಲ್ಲಿ ಪೂರ್ತಿ ತೆರೆದಾಗ ಅದು ಪ್ರಕಟವಾಗುತ್ತದೆ. ಆದ್ದರಿಂದ ಘಟ್ಟದ ಮೇಲೂ ಕೆಳಗೂ ಓಡಾಡುವ ಬೈಕಿಗೆ ಕೆಳಗಿನ ಊರಿನ ಹವೆಯಲ್ಲಿ ಮೇನ್ ಜೆಟ್ ಆರಿಸುವುದು ಸುರಕ್ಷಿತ.

ಉಷ್ಣತೆ 20ರಿಂದ 35 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಗಾಳಿಯ ಸಾಂದ್ರತೆ ಸುಮಾರು ಶೇ. 5ರಷ್ಟು ಇಳಿಯುತ್ತದೆ. ಮಳೆಗಾಲದಲ್ಲಿ ಗಾಳಿ ತೇವದಿಂದ ತುಂಬಿರುವಾಗ ಅದರ ಗಾತ್ರದ ಶೇ. 3ರಿಂದ 4ರಷ್ಟನ್ನು ನೀರಾವಿ ಆಕ್ರಮಿಸುತ್ತದೆ. ಅಷ್ಟರ ಮಟ್ಟಿಗೆ ಆಮ್ಲಜನಕ ಕಡಿಮೆಯಾಗಿ ಮಿಶ್ರಣ ಗಾಢವಾಗುತ್ತದೆ. ಏರ್ ಫಿಲ್ಟರ್ ಒದ್ದೆಯಾದರೂ ಇದೇ ಫಲ. ಹಾಗೆಂದು ಫಿಲ್ಟರನ್ನೇ ತೆಗೆದುಹಾಕಿದರೆ ಮಿಶ್ರಣ ತೆಳುವಾಗುವುದಲ್ಲದೆ, ಬೇಸಗೆಯಲ್ಲಿ ಕೆಂಪುಕಲ್ಲಿನ ಧೂಳು ಸಿಲಿಂಡರನ್ನು ಸೇರಿ ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ.

### ಹಿಮವಾಹನಗಳೊಂದಿಗೆ ಹೋಲಿಕೆ

ಬದಲಿ ಕೊಳವೆ ಮತ್ತು ಜೆಟ್ಟಿಂಗ್‌ಗಳ ಸಂಬಂಧ ತೀವ್ರವಾಗಿ ಕಾಣಿಸುವುದು ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳಲ್ಲಿ. ಉತ್ತರ ಅಮೆರಿಕದಲ್ಲಿ ಬಹುಕಾಲ ಇವುಗಳಲ್ಲಿ ಕಾರ್ಬ್ಯುರೇಟರ್ ಹೊಂದಿದ ಎರಡು ಸ್ಟ್ರೋಕ್ ಎಂಜಿನ್‌ಗಳೇ ಪ್ರಧಾನವಾಗಿದ್ದವು. ಭಾರತದಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಇವು ಪ್ರವಾಸಿಗರಿಗೆ ಪರಿಚಿತ. ಮೈನಸ್ 20 ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 20ರಷ್ಟು ಸಾಂದ್ರವಾಗಿರುವುದರಿಂದ, ಚಳಿ ಹೆಚ್ಚಿದಂತೆ ದೊಡ್ಡ ಜೆಟ್ ಬೇಕಾಗುತ್ತದೆ. ಹೀಗಾಗಿ ಉಷ್ಣತೆ ಮತ್ತು ಎತ್ತರಕ್ಕೆ ತಕ್ಕ ಜೆಟ್ ಸಂಖ್ಯೆಗಳ ಕೋಷ್ಟಕವನ್ನು ತಯಾರಕರೇ ಒದಗಿಸುತ್ತಿದ್ದರು. ಕರಾವಳಿಯಲ್ಲಿ ಸೆಕೆ ಮತ್ತು ತೇವ ಮಿಶ್ರಣವನ್ನು ಗಾಢಗೊಳಿಸಿದರೆ, ಹಿಮಪ್ರದೇಶದಲ್ಲಿ ಚಳಿ ಅದನ್ನು ತೆಳುಗೊಳಿಸುತ್ತದೆ.

## ಜೆಟ್ಟಿಂಗ್ ವಿಧಾನ

ಜೆಟ್ ಬದಲಿಸುವ ಮುನ್ನ ಬೇರೆ ದೋಷಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕ್ರಾಂಕ್‌ಶಾಫ್ಟಿನ ಆಯಿಲ್ ಸೀಲ್ ಸವೆದಿದ್ದರೆ ಅಥವಾ ಕಾರ್ಬ್ಯುರೇಟರ್ ಜೋಡಿಸುವ ರಬ್ಬರ್ ಬಿರುಕುಬಿಟ್ಟಿದ್ದರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಈ ಸೋರಿಕೆಯನ್ನು ದೊಡ್ಡ ಜೆಟ್ಟಿನಿಂದ ಮುಚ್ಚಿಹಾಕುವುದು ತಾತ್ಕಾಲಿಕ ಪರಿಹಾರವಷ್ಟೆ. ಹಳೆಯ ಸೈಲೆನ್ಸರಿನಲ್ಲಿ ಮಸಿ ಮತ್ತು ಎಣ್ಣೆ ಕಟ್ಟಿಕೊಂಡಿದ್ದರೂ ಎಳೆತ ಕುಗ್ಗುತ್ತದೆ. ಅನೇಕ ಬಾರಿ ಹೊಸ ಕೊಳವೆಯ ಅಗತ್ಯವೇ ಇರದೆ, ಮಸಿ ತೆಗೆಸಿದರೆ ಮೂಲ ಶಕ್ತಿ ಮರಳುತ್ತದೆ.

ಬಳಿಕ ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ:

# ಹೊಸ ಕೊಳವೆ ಅಳವಡಿಸಿದಾಗ ಮೊದಲು ಬೇಕಾದುದಕ್ಕಿಂತ ದೊಡ್ಡ ಮೇನ್ ಜೆಟ್ ಹಾಕಲಾಗುತ್ತದೆ.
# ಎಂಜಿನ್ ಚೆನ್ನಾಗಿ ಬಿಸಿಯಾದ ಬಳಿಕ ಪೂರ್ತಿ ವೇಗದಲ್ಲಿ ಓಡಿಸಿ, ಕ್ಲಚ್ ಹಿಡಿದು ಅದೇ ಕ್ಷಣ ಎಂಜಿನ್ ಆರಿಸಿ, ಪ್ಲಗ್ಗಿನ ಬಣ್ಣ ನೋಡಲಾಗುತ್ತದೆ. ಇದನ್ನು ಮುಚ್ಚಿದ ಟ್ರ್ಯಾಕ್‌ನಂತಹ ಸುರಕ್ಷಿತ ಜಾಗದಲ್ಲಿ ಮಾತ್ರ ಮಾಡಬೇಕು.
# ಒಂದೊಂದೇ ಅಳತೆ ಇಳಿಸುತ್ತಾ, ಎಂಜಿನ್ ತೊದಲದೆ ಓಡುವ ಹಂತದಲ್ಲಿ ನಿಲ್ಲಿಸಲಾಗುತ್ತದೆ.
# ಅನಂತರ ಸೂಜಿಯ ಕ್ಲಿಪ್ಪನ್ನು ಅರ್ಧ ತೆರೆದ ಸ್ಥಿತಿಯಲ್ಲಿಯೂ, ಕೊನೆಗೆ ಗಾಳಿ ತಿರುಪನ್ನು ಐಡ್ಲಿಂಗ್‌ನಲ್ಲಿಯೂ ಹೊಂದಿಸಲಾಗುತ್ತದೆ.

ಪ್ಲಗ್ಗಿನ ತುದಿ ಕಂದು ಬಣ್ಣದಲ್ಲಿದ್ದರೆ ಮಿಶ್ರಣ ಸರಿಯಿದೆ, ಕಪ್ಪಾಗಿ ಒದ್ದೆಯಿದ್ದರೆ ಗಾಢ, ಬಿಳಿಚಿಕೊಂಡಿದ್ದರೆ ತೆಳು ಎಂದು ತಿಳಿಯಲಾಗುತ್ತದೆ. ಅಲ್ಯೂಮಿನಿಯಮ್ಮಿನ ಸಣ್ಣ ಕಣಗಳು ಅಂಟಿಕೊಂಡಿದ್ದರೆ ಪಿಸ್ಟನ್ ಕರಗತೊಡಗಿದೆ ಎಂದರ್ಥ. ಎರಡು ಕೊಳವೆಗಳುಳ್ಳ ಜಾವಾ ಮತ್ತು ಯೆಜ್ಡಿಗಳಲ್ಲಿ ಒಂದನ್ನು ಮಾತ್ರ ಬದಲಿಸಿದರೆ ಎರಡೂ ಬದಿಯ ಹರಿವು ಅಸಮವಾಗುವುದರಿಂದ ಜೋಡಿಯಾಗಿಯೇ ಬದಲಿಸಬೇಕಾಗುತ್ತದೆ.

## ಎಣ್ಣೆಯ ಪಾಲು ಮತ್ತು ಘಾಟಿಯ ಇಳಿಜಾರು

ಯೆಜ್ಡಿಯಂತಹ ಬೈಕುಗಳಲ್ಲಿ ಟೂ-ಟಿ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಲಾಗುತ್ತದೆ. ಆರ್‌ಎಕ್ಸ್ 100ರಲ್ಲಿ ಪ್ರತ್ಯೇಕ ಎಣ್ಣೆ ಪಂಪ್ ಇದೆ. ಬೆರಕೆಯ ಎಂಜಿನ್‌ಗಳಲ್ಲಿ ಜೆಟ್ ಸಣ್ಣದಾದರೆ ಪೆಟ್ರೋಲಿನ ಜೊತೆಗೆ ಎಣ್ಣೆಯೂ ಕಡಿಮೆಯಾಗುತ್ತದೆ. ಇನ್ನೊಂದೆಡೆ, ರಕ್ಷಣೆಗೆಂದು ಎಣ್ಣೆಯನ್ನು ಹೆಚ್ಚು ಬೆರೆಸಿದರೆ ಅದೇ ಜೆಟ್ಟಿನಲ್ಲಿ ಹರಿಯುವ ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ. 40ಕ್ಕೆ 1ರ ಬದಲು 20ಕ್ಕೆ 1ರಂತೆ ಬೆರೆಸಿದಾಗ ಪೆಟ್ರೋಲಿನ ಪಾಲು ಶೇ. 97.6ರಿಂದ ಶೇ. 95.2ಕ್ಕೆ ಇಳಿಯುತ್ತದೆ.

ಚಾರ್ಮಾಡಿಯಂತಹ ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲೇ ಇಳಿದರೆ ಎಂಜಿನ್ ವೇಗವಾಗಿ ತಿರುಗುತ್ತದೆ. ಎಣ್ಣೆ ಮಾತ್ರ ಪೈಲಟ್ ಜೆಟ್ಟಿನಿಂದ ಬಂದಷ್ಟೇ ಸಿಗುತ್ತದೆ. ಹೀಗಾಗಿ ಇಳಿಯುವಾಗಲೂ ಎಂಜಿನ್ ಹಿಡಿದುಕೊಳ್ಳುವ ಸಾಧ್ಯತೆಯಿದೆ. ಆಗಾಗ ಆಕ್ಸಿಲರೇಟರನ್ನು ಕ್ಷಣಕಾಲ ತೆರೆದು ಎಣ್ಣೆ ಒದಗಿಸುವುದು ಅನುಭವಿ ಸವಾರರ ರೂಢಿ.

## ಎಥನಾಲ್ ಮಿಶ್ರಿತ ಪೆಟ್ರೋಲ್

ಶೇ. 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಕಾರ್ಯಕ್ರಮದಲ್ಲಿ ಬಿಡುಗಡೆ ಮಾಡಲಾಯಿತು. ಎಥನಾಲ್ ಪೂರ್ತಿಯಾಗಿ ಸುಡಲು ಸುಮಾರು 9 ಪಾಲು ಗಾಳಿ ಸಾಕಾಗುವುದರಿಂದ ಇ20ಕ್ಕೆ ಬೇಕಾದ ಗಾಳಿ ಸುಮಾರು 13.5 ಪಾಲಿಗೆ ಇಳಿಯುತ್ತದೆ. ಅಂದರೆ ಶುದ್ಧ ಪೆಟ್ರೋಲಿಗೆ ಹದಗೊಳಿಸಿದ ಹಳೆಯ ಜೆಟ್‌ನಲ್ಲಿ ಇ20 ಬಳಸಿದಾಗ ಮಿಶ್ರಣ ತೆಳುವಾಗುತ್ತದೆ. ಬದಲಿ ಕೊಳವೆಯೂ ಸೇರಿದರೆ ಅಪಾಯ ಇನ್ನಷ್ಟು ಹೆಚ್ಚು. ಎಥನಾಲ್ ತೇವವನ್ನು ಹೀರಿಕೊಳ್ಳುವ ಗುಣ ಹೊಂದಿರುವುದರಿಂದ, ಮಳೆಗಾಲದಲ್ಲಿ ಬಹುದಿನ ನಿಲ್ಲಿಸಿದ ಬೈಕಿನ ಟ್ಯಾಂಕಿನಲ್ಲಿ ನೀರು ಬೇರ್ಪಟ್ಟು ತಳ ಸೇರಬಹುದು.

## ತೋಟದ ಯಂತ್ರಗಳಲ್ಲಿ

ರಸ್ತೆಗಳಲ್ಲಿ ಎರಡು ಸ್ಟ್ರೋಕ್ ಬೈಕುಗಳು ವಿರಳವಾದರೂ, ಅಡಿಕೆ ತೋಟಗಳಲ್ಲಿ ಬಳಸುವ ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸ ಮತ್ತು ಬೆನ್ನಿಗೆ ಹೊರುವ ಸಿಂಪಡಣಾ ಯಂತ್ರಗಳಲ್ಲಿ ಈ ಎಂಜಿನ್ ಇಂದಿಗೂ ಬಳಕೆಯಲ್ಲಿದೆ. ಇವುಗಳ ಕಾರ್ಬ್ಯುರೇಟರ್‌ಗಳಲ್ಲಿ ಬದಲಿಸುವ ಜೆಟ್ಟಿನ ಬದಲು ಸಾಮಾನ್ಯವಾಗಿ ಕಡಿಮೆ ವೇಗಕ್ಕೆ ಮತ್ತು ಹೆಚ್ಚು ವೇಗಕ್ಕೆ ಒಂದೊಂದು ತಿರುಪು ಇರುತ್ತದೆ. ಸೈಲೆನ್ಸರಿನ ಬಾಯಿಯಲ್ಲಿರುವ ಕಿಡಿ ತಡೆಯುವ ಜಾಲರಿಯಲ್ಲಿ ಮಸಿ ಕಟ್ಟಿದಾಗ ಯಂತ್ರ ಸೊರಗುತ್ತದೆ. ಕಾರಣ ತಿಳಿಯದೆ ತಿರುಪನ್ನು ತೆಳುವಿನತ್ತ ತಿರುಗಿಸಿದರೆ, ಜಾಲರಿ ಶುಚಿಯಾದ ಬಳಿಕ ಪಿಸ್ಟನ್ ಸುಡುವ ಸಂಭವವಿದೆ.

## ಕಾನೂನು

ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣವು ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಪ್ರಕರಣದ ಪ್ರಕಾರ ಅನುಮತಿಯಿಲ್ಲದ ಬಿಡಿಭಾಗ ಅಳವಡಿಸಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಉಲ್ಲಂಘಿಸಿ ವಾಹನ ಓಡಿಸಿದರೆ 190(2) ಪ್ರಕರಣದಡಿ ಮೊದಲ ಅಪರಾಧಕ್ಕೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ, ಜೊತೆಗೆ ಮೂರು ತಿಂಗಳ ಕಾಲ ಚಾಲನಾ ಪರವಾನಗಿಯ ಅನರ್ಹತೆಗೆ ಅವಕಾಶವಿದೆ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 120ನೇ ನಿಯಮವು ಪ್ರತಿ ವಾಹನಕ್ಕೂ ಸೈಲೆನ್ಸರನ್ನು ಕಡ್ಡಾಯಗೊಳಿಸಿದೆ. ಕರ್ನಾಟಕದ ಹಲವು ನಗರಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಕರ್ಕಶ ಶಬ್ದದ ಸೈಲೆನ್ಸರ್‌ಗಳನ್ನು ರೋಡ್ ರೋಲರ್ ಹರಿಸಿ ನಾಶಪಡಿಸಿದ್ದಾರೆ.

ಹೊಗೆ ತಪಾಸಣೆಯಲ್ಲಿ 2000ದ ಮಾರ್ಚ್ 31 ಮತ್ತು ಅದಕ್ಕೂ ಮೊದಲು ತಯಾರಾದ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 4.5, ಹೈಡ್ರೊಕಾರ್ಬನ್ ಮಿತಿ ಹತ್ತು ಲಕ್ಷಕ್ಕೆ 9,000 ಪಾಲು. ಆ ಬಳಿಕ ತಯಾರಾದ ಎರಡು ಸ್ಟ್ರೋಕ್ ವಾಹನಗಳಿಗೆ ಇವು ಕ್ರಮವಾಗಿ ಶೇ. 3.5 ಮತ್ತು 6,000. ತಪಾಸಣೆ ಐಡ್ಲಿಂಗ್ ಸ್ಥಿತಿಯಲ್ಲಿ ನಡೆಯುವುದರಿಂದ ಪೈಲಟ್ ಜೆಟ್ ಮತ್ತು ಗಾಳಿ ತಿರುಪಿನ ಹದವಷ್ಟೇ ಅದರಲ್ಲಿ ಕಾಣಿಸುತ್ತದೆ. ಹಾಗಾಗಿ ತಪಾಸಣೆಯಲ್ಲಿ ಉತ್ತೀರ್ಣವಾದ ಬೈಕಿನ ಮೇನ್ ಜೆಟ್ ಸರಿಯಾಗಿದೆ ಎಂದು ಭಾವಿಸಲಾಗದು.

## ನಾಲ್ಕು ಸ್ಟ್ರೋಕ್ ಮತ್ತು ಇಂಧನ ಇಂಜೆಕ್ಷನ್ ಬೈಕುಗಳು

1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100ರಂತಹ ನಾಲ್ಕು ಸ್ಟ್ರೋಕ್ ಬೈಕುಗಳು ಮೈಲೇಜಿನ ಬಲದಿಂದ ಮಾರುಕಟ್ಟೆಯನ್ನು ಆಕ್ರಮಿಸಿದವು. 1990ರ ದಶಕದಿಂದ ಹಂತ ಹಂತವಾಗಿ ಬಿಗಿಯಾದ ಹೊಗೆ ಮಿತಿಗಳು ಎರಡು ಸ್ಟ್ರೋಕ್ ಬೈಕುಗಳನ್ನು ತೆರೆಮರೆಗೆ ಸರಿಸಿದವು. 2020ರ ಏಪ್ರಿಲ್ 1ರಂದು ಜಾರಿಗೆ ಬಂದ ಬಿಎಸ್ 6 ಮಾನದಂಡದ ಬಳಿಕ ಹೊಸ ಮೋಟಾರ್‌ಸೈಕಲ್‌ಗಳಲ್ಲಿ ಕಾರ್ಬ್ಯುರೇಟರ್ ಬದಲು ಇಂಧನ ಇಂಜೆಕ್ಷನ್ ವ್ಯವಸ್ಥೆಯಿದೆ. ಇವುಗಳಲ್ಲಿ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಸಂವೇದಕ ಮಿಶ್ರಣವನ್ನು ತಕ್ಕಮಟ್ಟಿಗೆ ತಾನಾಗಿಯೇ ಸರಿಪಡಿಸುತ್ತದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮಾರುಕಟ್ಟೆಗೆ ಮರಳಿದವು. ಹೊಸ ಬೈಕುಗಳ ಎಂಜಿನ್ ಮಾತ್ರ ನಾಲ್ಕು ಸ್ಟ್ರೋಕಿನದು.

## ಇವನ್ನೂ ನೋಡಿ

* ಎರಡು ಸ್ಟ್ರೋಕ್ ಎಂಜಿನ್
* ಕಾರ್ಬ್ಯುರೇಟರ್
* ಐಡಿಯಲ್ ಜಾವಾ
* ಯಮಹಾ ಆರ್‌ಎಕ್ಸ್ 100
* ಚಾರ್ಮಾಡಿ ಘಾಟಿ
* ಶಬ್ದ ಮಾಲಿನ್ಯ